ಶರ್ಮಾಂಕಾ: ಚಲಿಸುವ ಶಿಲ್ಪಗಳ ಒಂದು ಚಿಕ್ಕ ಮಂದಿರ

ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ನಗರದ ನಡುಭಾಗದಲ್ಲಿ ಟ್ರಾನ್‌ಗೇಟ್ ಎಂಬ ಪುರಾತನವಾದ ಬೀದಿಯೊಂದಿರುವುದು. ‘ಟ್ರಾನ್’ ಎಂದರೆ ಆ ದೇಶದ ಹಳೆಯ ಮಾತಿನಲ್ಲಿ ಸರಕನ್ನು ತೂಗುವ ಸಾರ್ವಜನಿಕ ತಕ್ಕಡಿ. ಹಿಂದೆ ಪೇಟೆಯ ತಕ್ಕಡಿಯು ಅಲ್ಲಿದ್ದುದರಿಂದ ಬೀದಿಗೆ ಆ ಹೆಸರು ಬಂದಿತು. ಬೀದಿಯ ಪೂರ್ವದ ತುದಿಯಲ್ಲಿ ೧೬೨೬ರಲ್ಲಿ ಕಟ್ಟಿದ ಏಳು ಅಂತಸ್ತುಗಳ ಗಡಿಯಾರಗೋಪುರವು ಇಂದಿಗೂ ನಿಂತಿದೆ. ಈ ಬೀದಿಯ ೧೦೩ನೆಯ ಸಂಖ್ಯೆಯ ಕಟ್ಟಡದಲ್ಲಿ ೨೦೦೯ರಿಂದ ನಡೆದುಬಂದ ಒಂದು ಚಿಕ್ಕ ಪ್ರದರ್ಶನಮಂದಿರದ ಚರಿತ್ರೆಯೇ ಈ ಲೇಖನದ ವಿಷಯ. ಅದರ ಹೆಸರು ಶರ್ಮಾಂಕಾ. ಹೆಸರು ರಷ್ಯನ್ ಭಾಷೆಯದು. ಅದನ್ನು ಕಟ್ಟಿದವರೂ ರಷ್ಯಾ ದೇಶದವರು. ಅವರ ವಸ್ತುಗಳು ಗ್ಲಾಸ್ಗೋವಿಗೆ ಬಂದು ಸೇರಿದುದು ಹೇಗೆ, ಸೇರಿದ ಬಳಿಕ ಕೆಡದೆ ಉಳಿದುದು ಹೇಗೆ ಎಂಬುದನ್ನು ವಿಚಾರಿಸಿದರೆ, ಕಲೆಗೂ ರಾಜ್ಯಾಧಿಕಾರಕ್ಕೂ ಇರುವ ಸಂಬಂಧವನ್ನು ಕುರಿತು, ಅದಕ್ಕಿಂತ ಹೆಚ್ಚಾಗಿ ಕಲೆಯು ಯಾರ ಕೈಯಿಂದ ಬದುಕುವುದೆಂಬುದನ್ನು ಕುರಿತು, ತಿಳಿಯತಕ್ಕದ್ದು ಬಹಳವಿದೆ.

ಸಾಮಾನ್ಯವಾದ ವಸ್ತುಸಂಗ್ರಹಾಲಯದಲ್ಲಿ ವಸ್ತುಗಳು ನಿಂತಿರುವುವು, ನೋಡುವವರು ನಡೆಯುವರು. ಇಲ್ಲಿ ಆ ಕ್ರಮವು ತಲೆಕೆಳಗು. ಪ್ರೇಕ್ಷಕರು ಗೊತ್ತಾದ ಹೊತ್ತಿಗೆ ಒಳಗೆ ಬಂದು ಕಾದಿರುವರು. ಮಬ್ಬುಗತ್ತಲೆಯಲ್ಲಿ ಮರ ಮತ್ತು ಕಬ್ಬಿಣಗಳ ವಿಚಿತ್ರವಾದ ಆಕೃತಿಗಳು ಸುತ್ತಲೂ ಕಾಣುವುವು. ಮೊದಲ ನೋಟಕ್ಕೆ ಅವು ಗುಜರಿಯ ಅಂಗಡಿಯ ಸಾಮಾನಿನಂತೆಯೇ ತೋರುವುವು: ಸೈಕಲ್ಲಿನ ಚಕ್ರ, ಹೊಲಿಗೆಯ ಯಂತ್ರದ ಭಾಗ, ಮುರಿದ ಪೀಠೋಪಕರಣದ ಕಾಲು, ಗಂಟೆ, ಸರಪಣಿ. ಅವುಗಳ ನಡುವೆ ಅಲ್ಲಲ್ಲಿ ಕೆತ್ತಿದ ಮರದ ಮುಖಗಳು ಇಣಿಕುತ್ತಿರುವುವು. ಬಳಿಕ ಒಂದು ಆಕೃತಿಯ ಮೇಲೆ ದೀಪವು ಬೀಳುವುದು, ಸಂಗೀತವು ಆರಂಭವಾಗುವುದು, ಒಳಗೆ ಅಡಗಿದ್ದ ವಿದ್ಯುತ್ ಮೋಟಾರು ಚಕ್ರಕ್ಕೆ ಸುತ್ತಿದ ಪಟ್ಟಿಯನ್ನು ಎಳೆಯುವುದು. ಕ್ಷಣಮಾತ್ರದಲ್ಲಿ ಗುಜರಿಯೆಲ್ಲ ಎಚ್ಚರಗೊಂಡು, ಕೋತಿಯು ಹಿಡಿಯನ್ನು ತಿರುಗಿಸುವುದು, ಹಕ್ಕಿಯು ಕೊಕ್ಕನ್ನು ತೆರೆಯುವುದು, ಮುದುಕನು ತಲೆಯಾಡಿಸುವನು. ಅವುಗಳ ನೆರಳು ಹಿಂದಿನ ಗೋಡೆಯ ಮೇಲೆ ಬಿದ್ದು, ಅಂಗೈಯಷ್ಟು ಬೊಂಬೆಯು ಆಳೆತ್ತರಕ್ಕೆ ಬೆಳೆಯುವುದು. ಕೆಲವು ನಿಮಿಷಗಳ ಬಳಿಕ ಆ ದೀಪವು ಆರಿ, ಇನ್ನೊಂದು ಮೂಲೆಯಲ್ಲಿ ಮತ್ತೊಂದು ದೀಪವು ಹೊತ್ತಿಕೊಳ್ಳುವುದು. ಹೀಗೆ ಸುಮಾರು ಒಂದು ಗಂಟೆಯ ಕಾಲ ಪ್ರದರ್ಶನವು ಸಾಗುವುದು. ನಟರಿಲ್ಲ, ಮಾತಿಲ್ಲ, ಆದರೂ ಇದು ನಾಟಕವೇ ಸರಿ. ಆದುದರಿಂದಲೇ ಇದನ್ನು ಕಟ್ಟಿದವರು ಸಂಗ್ರಹಾಲಯವೆನ್ನದೆ ‘ಚಲನರಂಗ’ವೆಂಬ ಅರ್ಥದ ಹೆಸರಿನಿಂದ ಕರೆದಿರುವರು. ಇಲ್ಲಿನ ಯಂತ್ರಶಿಲ್ಪಗಳಿಗೆ ಅವರು ಇಟ್ಟ ಹೆಸರು ‘ಕಿನೆಮ್ಯಾಟ್’ ಎಂದು.

ಇದರ ಯಾಂತ್ರಿಕ ತತ್ತ್ವವು ಗಹನವಾದುದಲ್ಲ. ಮೋಟಾರು ಕೊಡುವುದು ಒಂದೇ ಬಗೆಯ ಚಲನೆ, ಅಂದರೆ ಸುತ್ತುವುದು. ಅಚ್ಚಿನ ಮೇಲೆ ನಡುವು ತಪ್ಪಿಸಿ ಕೂಡಿಸಿದ ಬಿಲ್ಲೆಯೊಂದು ಆ ಸುತ್ತನ್ನು ಏರಿಳಿತವನ್ನಾಗಿ ಮಾಡುವುದು. ಮಣಿದ ಸಲಾಕೆಯು ಅದನ್ನು ಹಿಂದುಮುಂದಿನ ತೂಗಾಟವನ್ನಾಗಿ ಮಾಡುವುದು. ಚಿಕ್ಕ ಚಕ್ರದಿಂದ ದೊಡ್ಡ ಚಕ್ರಕ್ಕೆ ಪಟ್ಟಿಯನ್ನು ಹಾಯಿಸಿದರೆ ವೇಗವು ತಗ್ಗುವುದು. ಇಷ್ಟರಿಂದಲೇ ಬೊಂಬೆಯು ಬಗ್ಗುವುದು, ಏಳುವುದು, ಅಳುವಂತೆ ಭುಜವನ್ನು ಕುಲುಕಿಸುವುದು. ಇಂತಹ ಯಂತ್ರಗಳಲ್ಲೆಲ್ಲ ಗಮನಿಸತಕ್ಕ ಒಂದು ವಿಶೇಷವುಂಟು. ಬೊಂಬೆಯು ಹಿಡಿಯನ್ನು ಹಿಡಿದು ಯಂತ್ರವನ್ನು ತಿರುಗಿಸುತ್ತಿರುವಂತೆ ತೋರುವುದು. ವಾಸ್ತವದಲ್ಲಿ ಯಂತ್ರವು ಹಿಡಿಯನ್ನೂ, ಹಿಡಿಯು ಬೊಂಬೆಯನ್ನೂ ತಿರುಗಿಸುತ್ತಿರುವುದು. ತಾನೇ ಕರ್ತೃವೆಂದು ಶ್ರಮಿಸುವವನು ಕರಣಮಾತ್ರನಾಗಿರುವ ಈ ವಿಪರ್ಯಾಸವು ಮುಂದಿನ ಕಥೆಗೆ ಚೆನ್ನಾಗಿ ಒಪ್ಪುವುದು.

ತಾನಾಗಿ ಚಲಿಸುವ ಬೊಂಬೆಗಳ ಮೇಲಣ ಕುತೂಹಲವು ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾದ ‘ಸಮರಾಂಗಣಸೂತ್ರಧಾರ’ದಲ್ಲಿ ಯಂತ್ರಗಳಿಗೇ ಮೀಸಲಾದ ಒಂದು ಅಧ್ಯಾಯವಿದ್ದು, ಕುಣಿಯುವ, ವಾದ್ಯವನ್ನು ನುಡಿಸುವ ದಾರುಪ್ರತಿಮೆಗಳ ಮಾತು ಅಲ್ಲಿ ಬರುವುದು. ಯುರೋಪು ಖಂಡದಲ್ಲಿ ಈ ವಿದ್ಯೆಯು ಗಡಿಯಾರದ ಕೆಲಸಗಾರರ ಕೈಗೆ ಬಂದು ಹದಿನೆಂಟನೆಯ ಶತಮಾನದಲ್ಲಿ ಪರಾಕಾಷ್ಠೆಗೆ ಏರಿತು. ಶರ್ಮಾಂಕಾ ಹುಟ್ಟಿದ ಊರಾದ ಪೀಟರ್ಸ್‌ಬರ್ಗ್ ನಗರದಲ್ಲಿಯೇ ಅದರ ಒಂದು ಉತ್ತಮೋತ್ತಮವಾದ ನಿದರ್ಶನವಿದೆ. ಲಂಡನ್ನಿನ ಜೇಮ್ಸ್ ಕಾಕ್ಸ್ ಎಂಬ ವರ್ತಕನ ಕಾರ್ಖಾನೆಯಲ್ಲಿ ಸಿದ್ಧವಾದ ನವಿಲಿನ ಗಡಿಯಾರವನ್ನು ರಾಜಕುಮಾರ ಪೊಟೆಮ್‌ಕಿನ್ ಎಂಬವನು ಕೊಂಡು, ಮಹಾರಾಣಿ ಎರಡನೆಯ ಕ್ಯಾಥರೀನಳಿಗಾಗಿ ೧೭೮೧ರಲ್ಲಿ ತರಿಸಿದನು. ಅದು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದಿತು. ಕುಲಿಬಿನ್ ಎಂಬ ರಷ್ಯನ್ ಶಿಲ್ಪಜ್ಞನು ೧೭೯೦ರ ದಶಕದಲ್ಲಿ ಅದರ ಭಾಗಗಳನ್ನು ಸರಿಪಡಿಸಿ ಕೂಡಿಸಿದ ಮೇಲೆ ಅದು ನಡೆಯತೊಡಗಿತು. ಚಿನ್ನದ ಬಣ್ಣದ ನವಿಲು ಗರಿಗೆದರಿ ತಿರುಗುವುದು, ಹುಂಜವು ಕೂಗುವುದು, ಪಂಜರದ ಗೂಬೆಯು ಕತ್ತನ್ನು ಹೊರಳಿಸುವುದು. ಹರ್ಮಿಟೇಜ್ ಅರಮನೆಯಲ್ಲಿರುವ ಆ ಗಡಿಯಾರವು ಚಕ್ರವರ್ತಿಗಳ ಕಾಲವನ್ನೂ ಕ್ರಾಂತಿಯ ಕಾಲವನ್ನೂ ದಾಟಿ ಬಂದಿದೆ. ಲಂಡನ್ನಿನಿಂದ ಪೀಟರ್ಸ್‌ಬರ್ಗಿಗೆ ಪೆಟ್ಟಿಗೆಗಳಲ್ಲಿ ಬಂದ ಈ ಯಂತ್ರದ ಪ್ರಯಾಣವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು. ಎರಡು ಶತಮಾನಗಳ ಬಳಿಕ ಇಂತಹದೇ ಇನ್ನೊಂದು ಪ್ರಯಾಣವು ಎದುರು ದಿಕ್ಕಿನಲ್ಲಿ ನಡೆಯಿತು.

ನವಿಲಿನ ಗಡಿಯಾರವು ಅರಸರ ವಿನೋದ. ಚಲನೆಯನ್ನೇ ಶಿಲ್ಪದ ಸಾಮಗ್ರಿಯೆಂದು ಎಣಿಸಿದ ನವೀನ ಕಲೆಯು ಹುಟ್ಟಿದುದು ರಷ್ಯಾದ ಕ್ರಾಂತಿಯ ದಿನಗಳಲ್ಲಿ. ೧೯೨೦ರ ಆಗಸ್ಟಿನಲ್ಲಿ ನೌಮ್ ಗಾಬೋ ಮತ್ತು ಅವನ ಅಣ್ಣ ಆಂಟನ್ ಪೆವ್ಸ್‌ನರ್ ಎಂಬ ಶಿಲ್ಪಿಗಳು ಮಾಸ್ಕೋ ನಗರದಲ್ಲಿ ಒಂದು ಘೋಷಣಾಪತ್ರವನ್ನು ಪ್ರಕಟಿಸಿ, ನಿಂತ ಲಯಗಳು ಕಲೆಗೆ ಸಾಲವು, ಕಾಲವೂ ಚಲನೆಯೂ ಅದರ ಅಂಗಗಳಾಗಬೇಕೆಂದು ಸಾರಿದರು. ಗಾಬೋ ಮಾತಿನಲ್ಲಿಯೇ ನಿಲ್ಲಲಿಲ್ಲ. ವಿದ್ಯುತ್ ಗಂಟೆಯ ಯಂತ್ರಭಾಗದಿಂದ ನೆಟ್ಟಗಿನ ಉಕ್ಕಿನ ಕಡ್ಡಿಯೊಂದನ್ನು ಕಂಪಿಸುವಂತೆ ಮಾಡಿ, ಆ ಕಂಪನದಿಂದ ಗಾಳಿಯಲ್ಲಿ ಸ್ತಂಭಾಕಾರದ ಒಂದು ರೂಪವು ಮೂಡುವಂತೆ ರಚಿಸಿದನು. ಕಡ್ಡಿಯು ನಿಂತರೆ ಶಿಲ್ಪವಿಲ್ಲ. ಕಂಪಿಸಿದರೆ ಮಾತ್ರ ಶಿಲ್ಪ.

ಅದೇ ವರ್ಷದ ನವೆಂಬರಿನಲ್ಲಿ, ಆಗ ಪೆಟ್ರೋಗ್ರಾಡ್ ಎನ್ನಿಸಿಕೊಂಡಿದ್ದ ಪೀಟರ್ಸ್‌ಬರ್ಗಿನಲ್ಲಿ, ವ್ಲಾದಿಮಿರ್ ತಾತ್ಲಿನ್ ಎಂಬವನು ಒಂದು ಮಹಾಗೋಪುರದ ಮಾದರಿಯನ್ನು ಪ್ರದರ್ಶಿಸಿದನು. ಕ್ರಾಂತಿಯ ಸ್ಮಾರಕವಾಗಿ ನಿಲ್ಲಬೇಕಾಗಿದ್ದ ಅದರ ಎತ್ತರವು ಸುಮಾರು ೪೦೦ ಮೀಟರು. ಪ್ಯಾರಿಸಿನ ಐಫೆಲ್ ಗೋಪುರಕ್ಕಿಂತಲೂ ಹೆಚ್ಚು. ಸುರುಳಿಯಾಗಿ ಏರುವ ಉಕ್ಕಿನ ಚೌಕಟ್ಟಿನೊಳಗೆ ಗಾಜಿನ ಸಭಾಭವನಗಳು ತೂಗಿರಬೇಕು. ಕೆಳಗಿನ ಭವನವು ವರ್ಷಕ್ಕೊಮ್ಮೆ, ಅದರ ಮೇಲಿನದು ತಿಂಗಳಿಗೊಮ್ಮೆ, ಅದಕ್ಕೂ ಮೇಲಿನದು ದಿನಕ್ಕೊಮ್ಮೆ ತಮ್ಮ ಅಕ್ಷದ ಮೇಲೆ ಸುತ್ತಬೇಕು. ಸರ್ಕಾರವೇ ಗ್ರಹಮಂಡಲದಂತೆ ತಿರುಗಬೇಕು. ಆದರೆ ಉಕ್ಕಿಗೂ ಊಟಕ್ಕೂ ಬರಗಾಲವಿದ್ದ ದೇಶದಲ್ಲಿ ಅದು ಮಾದರಿಯಾಗಿಯೇ ಉಳಿಯಿತು. ಜಗತ್ತನ್ನು ತಿರುಗಿಸಬೇಕೆಂದಿದ್ದ ಗೋಪುರವು ಒಂದು ಸುತ್ತನ್ನೂ ಸುತ್ತಲಿಲ್ಲ. ಗಾಬೋ ೧೯೨೨ರಲ್ಲಿ ದೇಶವನ್ನು ಬಿಟ್ಟನು. ೧೯೩೨ರ ಏಪ್ರಿಲಿನಲ್ಲಿ ಹೊರಟ ಆಜ್ಞೆಯಿಂದ ಸ್ವತಂತ್ರವಾದ ಕಲಾಸಂಘಗಳೆಲ್ಲ ಮುಚ್ಚಿದುವು. ಕಲೆಗೆ ಸರ್ಕಾರವು ಒಪ್ಪಿದ ಒಂದೇ ದಾರಿಯುಳಿಯಿತು.

ಚಲನಶಿಲ್ಪವು ಆ ಬಳಿಕ ಬೆಳೆದುದು ಹೊರದೇಶಗಳಲ್ಲಿ. ಅಮೆರಿಕದ ಅಲೆಗ್ಸಾಂಡರ್ ಕಾಲ್ಡರ್ ಗಾಳಿಗೆ ತೂಗುವ ಲೋಹದ ಎಲೆಗಳನ್ನು ರಚಿಸಿದನು. ೧೯೫೫ರಲ್ಲಿ ಪ್ಯಾರಿಸಿನಲ್ಲಿ ಚಲನೆಗೇ ಮೀಸಲಾದ ಪ್ರದರ್ಶನವೊಂದು ನಡೆಯಿತು. ಅದರಲ್ಲಿ ಭಾಗವಹಿಸಿದ ಸ್ವಿಟ್ಜರ್ಲೆಂಡಿನ ಜಾನ್ ತಾಂಗೆಲೀ ೧೯೬೦ರ ಮಾರ್ಚಿಯಲ್ಲಿ ನ್ಯೂಯಾರ್ಕ್ ನಗರದ ಆಧುನಿಕ ಕಲಾಸಂಗ್ರಹಾಲಯದ ತೋಟದಲ್ಲಿ, ತನ್ನನ್ನು ತಾನೇ ಒಡೆದುಕೊಂಡು ನಾಶವಾಗುವ ಒಂದು ಮಹಾಯಂತ್ರವನ್ನು ನಡೆಸಿ ಪ್ರಸಿದ್ಧನಾದನು. ಸ್ವತಂತ್ರ ದೇಶಗಳಲ್ಲಿ ಈ ಕಲೆಯು ಹೀಗೆ ಹಬ್ಬದ ಸಡಗರದಿಂದ ನಡೆಯುತ್ತಿದ್ದಾಗ, ಅದು ಹುಟ್ಟಿದ ದೇಶದಲ್ಲಿ ಒಂದು ಬಾಡಿಗೆಯ ಕೋಣೆಯೊಳಗೆ ಸದ್ದಿಲ್ಲದೆ ಪುನಃ ತಲೆಯೆತ್ತುತ್ತಿದ್ದಿತು.

ಎದುವಾರ್ದ್ ಬೆರ್ಸೂದ್‌ಸ್ಕಿ ಎಂಬವನು ೧೯೩೯ರಲ್ಲಿ, ಆಗ ಲೆನಿನ್‌ಗ್ರಾಡ್ ಎಂಬ ಹೆಸರಿದ್ದ ಆ ಪೀಟರ್ಸ್‌ಬರ್ಗಿನಲ್ಲಿಯೇ ಜನಿಸಿದನು. ಅವನು ಕಲಾಶಾಲೆಯ ಪದವೀಧರನಲ್ಲ. ಚಿತ್ರ ಮತ್ತು ಶಿಲ್ಪಗಳನ್ನು ಸಂಜೆಯ ಪಾಠಗಳಲ್ಲಿ ಕಲಿತವನು. ಹೊಟ್ಟೆಯ ಪಾಡಿಗಾಗಿ ಲೋಹದ ಕೆಲಸಗಾರನಾಗಿ, ವಿದ್ಯುತ್ ಕೆಲಸಗಾರನಾಗಿ, ಸರಕುದೋಣಿಯ ನಾವಿಕನಾಗಿ, ರಾತ್ರಿಯ ಕಾವಲುಗಾರನಾಗಿ, ಬಾಯ್ಲರಿನ ಒಲೆಯನ್ನು ನೋಡಿಕೊಳ್ಳುವವನಾಗಿ ದುಡಿದನು. ವಯಸ್ಸು ಮೂವತ್ತಕ್ಕೆ ಸಮೀಪಿಸಿದಾಗ ಮರವನ್ನು ಕೆತ್ತಲಾರಂಭಿಸಿದನು. ನಗರದ ಉದ್ಯಾನಗಳಲ್ಲಿ ಮಕ್ಕಳ ಆಟದ ಬಯಲಿಗಾಗಿ ದೊಡ್ಡ ದೊಡ್ಡ ಮರದ ಮೂರ್ತಿಗಳನ್ನು ಕೆತ್ತಿಕೊಟ್ಟು ಸಂಪಾದಿಸಿದುದೂ ಉಂಟು. ಅದು ಹಗಲಿನ ಕೆಲಸ. ತನ್ನ ಮನಸ್ಸಿನ ಕೆಲಸಕ್ಕೆ ಅವನಿಗಿದ್ದ ಸ್ಥಳವೆಂದರೆ, ಹಲವು ಸಂಸಾರಗಳು ಅಡಿಗೆಮನೆಯನ್ನು ಹಂಚಿಕೊಂಡು ವಾಸಿಸುವ ಸಾಮುದಾಯಿಕ ಮನೆಯಲ್ಲಿ ೧೮ ಚದರ ಮೀಟರುಗಳ ಒಂದು ಕೋಣೆ. ಅಲ್ಲಿಯೇ ವಾಸ, ಅಲ್ಲಿಯೇ ಕರ್ಮಶಾಲೆ. ಗೋಪುರಗಳಂತಹ ಯಂತ್ರಗಳು ಆ ಕೋಣೆಯ ಸೂರಿನ ಅಳತೆಗೆ ತಗ್ಗಿಕೊಂಡು ಹುಟ್ಟಿದುವು.

ಶಿಲ್ಪಿಯೊಬ್ಬನು ಬಾಯ್ಲರಿನ ಮನೆಯಲ್ಲಿ ಕೆಲಸಮಾಡಿದುದೇಕೆ ಎಂಬ ಪ್ರಶ್ನೆಗೆ ಆ ಕಾಲದ ಕಾನೂನು ಉತ್ತರವನ್ನು ಕೊಡುವುದು. ೧೯೬೧ರ ಆಜ್ಞೆಯೊಂದರಂತೆ ಸರ್ಕಾರವು ಒಪ್ಪುವ ಉದ್ಯೋಗವಿಲ್ಲದವನು ‘ಪರಾನ್ನಜೀವಿ’ಯೆಂಬ ಅಪರಾಧಕ್ಕೆ ಗುರಿಯಾಗುತ್ತಿದ್ದನು. ಲೆನಿನ್‌ಗ್ರಾಡಿನ ಕವಿ ಜೋಸೆಫ್ ಬ್ರಾಡ್‌ಸ್ಕಿಯನ್ನು ೧೯೬೪ರಲ್ಲಿ ಇದೇ ಅಪರಾಧಕ್ಕಾಗಿ ವಿಚಾರಣೆಗೆ ಒಳಪಡಿಸಿ ಉತ್ತರದ ಸೀಮೆಗೆ ಕಳುಹಿಸಿದರು. ಅವನು ಮುಂದೆ ೧೯೮೭ರಲ್ಲಿ ನೊಬೆಲ್ ಬಹುಮಾನವನ್ನು ಪಡೆದನು. ಸರ್ಕಾರದ ಕಲಾಸಂಘಕ್ಕೆ ಸೇರದ ಕಲಾವಿದನು ಹೇಗಾದರೂ ಒಂದು ಉದ್ಯೋಗವನ್ನು ಹಿಡಿಯಲೇಬೇಕಾಗಿದ್ದಿತು. ಒಲೆಯ ಮುಂದಿನ ಪಾಳಿಯೂ ರಾತ್ರಿಯ ಕಾವಲೂ ಅಂತಹವರಿಗೆ ಅನುಕೂಲವಾಗಿದ್ದುವು; ಸಂಬಳವು ಅಲ್ಪವಾದರೂ ಸಮಯವು ಕೈಯಲ್ಲಿ ಉಳಿಯುತ್ತಿದ್ದಿತು. ಆ ನಗರದ ಎಷ್ಟೋ ಕವಿಗಳೂ ಚಿತ್ರಕಾರರೂ ಸಂಗೀತಗಾರರೂ ಹೀಗೆಯೇ ಕಾಲವನ್ನು ಕಳೆದರು.

ಇಂತಹವರು ತಮ್ಮ ಕೃತಿಗಳನ್ನು ಜನರಿಗೆ ತೋರಿಸಲು ಯತ್ನಿಸಿದಾಗ ಏನಾಯಿತೆಂಬುದನ್ನು ಲೋಕವು ಬಲ್ಲುದು. ೧೯೭೪ರ ಸೆಪ್ಟೆಂಬರ್ ೧೫ರಂದು ಮಾಸ್ಕೋವಿನ ಹೊರವಲಯದ ಬಯಲಿನಲ್ಲಿ ಕೆಲವರು ಚಿತ್ರಗಳನ್ನು ಇಟ್ಟುಕೊಂಡು ನಿಂತರೆ, ಅವರ ಮೇಲೆ ಮಣ್ಣು ತಳ್ಳುವ ಬುಲ್‌ಡೋಜರುಗಳನ್ನೂ ನೀರೆರಚುವ ಬಂಡಿಗಳನ್ನೂ ನುಗ್ಗಿಸಿದರು. ಈ ಸುದ್ದಿಯು ದೇಶವಿದೇಶಗಳಲ್ಲಿ ಹಬ್ಬಿ ಅಧಿಕಾರಿಗಳಿಗೆ ನಾಚಿಕೆಯಾದುದರಿಂದ, ಅದೇ ವರ್ಷದ ಡಿಸೆಂಬರಿನಲ್ಲಿ ಲೆನಿನ್‌ಗ್ರಾಡಿನ ಗಾಜಾ ಸಂಸ್ಕೃತಿಭವನದಲ್ಲಿ ನಾಲ್ಕು ದಿನಗಳ ಪ್ರದರ್ಶನಕ್ಕೆ ಅಪ್ಪಣೆಯು ದೊರೆಯಿತು. ಕೊರೆಯುವ ಚಳಿಯಲ್ಲಿ ಜನರು ಸಾಲುಗಟ್ಟಿ ನಿಂತು ನೋಡಿದರು. ೧೯೭೪ರಿಂದ ೧೯೮೦ರ ವರೆಗಿನ ಇಂತಹ ಸ್ವತಂತ್ರ ಕಲಾವಿದರ ಪ್ರದರ್ಶನಗಳಲ್ಲಿ ಬೆರ್ಸೂದ್‌ಸ್ಕಿಯೂ ಭಾಗಿಯಾಗಿದ್ದನು. ಆದರೆ ಯಂತ್ರಶಿಲ್ಪವನ್ನು ಚಿತ್ರಪಟದಂತೆ ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಬರಲು ಸಾಧ್ಯವಿಲ್ಲ. ಅವನ ಕೃತಿಗಳಿಗೆ ಪ್ರೇಕ್ಷಕರೆಂದರೆ ಬಹುಕಾಲ ಆ ಕೋಣೆಗೆ ಬಂದುಹೋಗುವ ಗೆಳೆಯರೇ ಆಗಿದ್ದರು.

ಆ ಕೋಣೆಯ ಬಾಗಿಲನ್ನು ಲೋಕಕ್ಕೆ ತೆರೆದವಳು ತತ್ಯಾನಾ ಯಾಕೋವ್‌ಸ್ಕಾಯಾ ಎಂಬ ನಾಟಕ ನಿರ್ದೇಶಕಿ. ೧೯೮೦ರ ದಶಕದ ಕೊನೆಯಲ್ಲಿ, ದೇಶದಲ್ಲಿ ಕಟ್ಟುಗಳು ಸಡಿಲವಾಗುತ್ತಿದ್ದಾಗ, ಆಕೆಯು ಈ ಯಂತ್ರಗಳನ್ನು ಕಂಡಳು. ಶಿಲ್ಪಿಯು ಕಂಡುದು ಒಂದೊಂದು ಯಂತ್ರವನ್ನು. ಆಕೆಯು ಕಂಡುದು ಅವುಗಳ ಮೇಳವನ್ನು. ಯಾವುದು ಮೊದಲು ಏಳಬೇಕು, ಯಾವುದಕ್ಕೆ ಯಾವ ಸಂಗೀತ, ಬೆಳಕು ಎಲ್ಲಿ ಬಿದ್ದು ನೆರಳು ಎಲ್ಲಿ ಏಳಬೇಕು ಎಂಬ ಕ್ರಮವನ್ನು ಗೊತ್ತುಮಾಡಿದರೆ ಇದು ರಂಗಪ್ರಯೋಗವಾಗುವುದೆಂದು ಆಕೆಯು ಅರಿತಳು. ಸೂತ್ರಧಾರನೆಂಬ ಶಬ್ದಕ್ಕೆ ನಮ್ಮಲ್ಲಿ ಶಿಲ್ಪಿಯೆಂದೂ ನಾಟಕವನ್ನು ನಡೆಸುವವನೆಂದೂ ಎರಡು ಅರ್ಥಗಳಿರುವುದನ್ನು ವಾಚಕರು ಬಲ್ಲರು. ಆ ಎರಡು ಅರ್ಥಗಳು ಇಲ್ಲಿ ಇಬ್ಬರು ವ್ಯಕ್ತಿಗಳಾಗಿ ಸೇರಿದುವು. ೧೯೮೯ರಲ್ಲಿ ಇಬ್ಬರೂ ಕೂಡಿ ಲೆನಿನ್‌ಗ್ರಾಡಿನಲ್ಲಿ ಶರ್ಮಾಂಕಾ ರಂಗಮಂದಿರವನ್ನು ಆರಂಭಿಸಿದರು.

ಶರ್ಮಾಂಕಾ ಎಂದರೆ ಬೀದಿಯ ಹಾಡುಗಾರನು ಹೆಗಲಿಗೆ ತೂಗುಹಾಕಿಕೊಳ್ಳುವ, ಹಿಡಿಯನ್ನು ತಿರುಗಿಸಿ ನುಡಿಸುವ ಪೆಟ್ಟಿಗೆವಾದ್ಯ. ಅದರಲ್ಲಿ ನುಡಿಯುತ್ತಿದ್ದ ಒಂದು ಹಳೆಯ ಜರ್ಮನ್ ಹಾಡಿನಲ್ಲಿ ‘ಮೋಹಕಳಾದ ಕಾತರೀನಾ’ ಎಂಬ ಅರ್ಥದ ಮಾತು ಬರುತ್ತಿದ್ದುದರಿಂದ, ‘ಶಾರ್ಮಾಂತೆ’ ಎಂಬ ವಿಶೇಷಣವೇ ರಷ್ಯಾದಲ್ಲಿ ವಾದ್ಯಕ್ಕೆ ಹೆಸರಾಯಿತೆಂದು ಹೇಳುವರು. ನೆರೆಯ ಪೋಲೆಂಡಿನವರು ಅದೇ ವಾದ್ಯವನ್ನು ಕಾತರೀನಳ ಹೆಸರಿನಿಂದಲೇ ಕರೆದರು. ಶರ್ಮಾಂಕಾದವನ ಹೆಗಲ ಮೇಲೆ ಒಂದು ಗಿಳಿಯೂ ಇರುತ್ತಿದ್ದುದುಂಟು; ನಮ್ಮ ಗಿಣಿಶಾಸ್ತ್ರದವರ ಗಿಳಿಯಂತೆ ಅದೂ ಚೀಟಿಯನ್ನು ಎತ್ತಿ ಭವಿಷ್ಯವನ್ನು ತಿಳಿಸುತ್ತಿದ್ದಿತು. ಬಡವರ ಸಂಗೀತ, ಬೀದಿಯ ನಾಟಕ, ಹಿಡಿ ತಿರುಗಿದಷ್ಟು ಕಾಲವೂ ಅದೇ ರಾಗ, ಇವೆಲ್ಲವನ್ನೂ ಸೂಚಿಸುವ ಈ ಹೆಸರು ರಂಗಮಂದಿರಕ್ಕೆ ಉಚಿತವಾಗಿಯೇ ಇದೆ.

ಆ ಕಾಲದ ಕೃತಿಗಳಲ್ಲಿ ಒಂದರ ಹೆಸರು ‘ಬಾಬೆಲಿನ ಗೋಪುರ’. ಕ್ರೈಸ್ತರ ಪುರಾಣದಲ್ಲಿ ಮನುಷ್ಯರು ಆಕಾಶವನ್ನು ಮುಟ್ಟಲೆಂದು ಕಟ್ಟತೊಡಗಿ, ಭಾಷೆಗಳು ಕಲಸಿಹೋಗಿ ಅರ್ಧದಲ್ಲಿ ಬಿಟ್ಟ ಗೋಪುರವದು. ಬೆರ್ಸೂದ್‌ಸ್ಕಿಯ ಗೋಪುರದಲ್ಲಿ ಅಂತಸ್ತು ಅಂತಸ್ತಿಗೂ ಪುಟ್ಟ ಪುಟ್ಟ ಮೂರ್ತಿಗಳು ಬೆವರಿಳಿಸಿ ದುಡಿಯುತ್ತಿರುವುವು. ಚಕ್ರಗಳು ಸುತ್ತುವುವು, ಗಂಟೆಗಳು ಬಾರಿಸುವುವು. ಕಟ್ಟುವ ಕೆಲಸವು ಮಾತ್ರ ಮುಗಿಯುವುದಿಲ್ಲ. ಮತ್ತೊಂದು ಕೃತಿಯ ಹೆಸರು ‘ಮಹಾಭಾವನೆ’. ಅದು ಕಾರ್ಲ್ ಮಾರ್ಕ್ಸನನ್ನು ಕುರಿತದ್ದು. ಇನ್ನೊಂದು ‘ಕ್ರೆಮ್ಲಿನ್ನಿನ ಕನಸುಗಾರ’. ಲೆನಿನ್ನನನ್ನು ಕಂಡು ಬಂದ ಆಂಗ್ಲ ಲೇಖಕ ವೆಲ್ಸ್ ೧೯೨೦ರಲ್ಲಿ ಅವನಿಗೆ ಇಟ್ಟ ಬಿರುದು ಅದು. ಅದೇ ೧೯೨೦ರಲ್ಲಿ ಅದೇ ನಗರದಲ್ಲಿ ತಾತ್ಲಿನ್ ತೋರಿಸಿದ ಗೋಪುರವನ್ನು ಇಲ್ಲಿ ನೆನೆಯದಿರುವುದು ಅಶಕ್ಯ. ಒಂದು ರಾಜ್ಯದ ಕೀರ್ತಿಗಾಗಿ ಉಕ್ಕಿನಲ್ಲಿ ಕಲ್ಪಿತವಾಗಿ, ಸುತ್ತದೆ ಉಳಿದುದು. ಮತ್ತೊಂದು ಆ ರಾಜ್ಯವು ಕಸವೆಂದು ಎಸೆದ ಮರ ಮತ್ತು ಕಬ್ಬಿಣಗಳಿಂದ, ಅದರ ಅಪ್ಪಣೆಯಿಲ್ಲದೆ ಹುಟ್ಟಿ, ಇಂದಿಗೂ ಸುತ್ತುತ್ತಿರುವುದು. ಬುಲ್‌ಡೋಜರಿಗೆ ಸಿಕ್ಕದಂತಹ ಗೋಪುರವನ್ನು ಕಟ್ಟಬೇಕಾದರೆ ಅದು ಕೋಣೆಯೊಳಗೆ ಹಿಡಿಸುವಷ್ಟು ಚಿಕ್ಕದಾಗಿರಬೇಕೆಂಬುದು ಈ ಚರಿತ್ರೆಯ ಒಂದು ಪಾಠ.

ತಾಂಗೆಲೀಯ ಯಂತ್ರಗಳು ೧೯೯೦ರಲ್ಲಿ ಮಾಸ್ಕೋವಿನಲ್ಲಿ ಪ್ರದರ್ಶಿತವಾದುವು. ಗುರುವಿಗೆ ಶಿಷ್ಯನು ಕಾಣಿಕೆಯನ್ನು ಒಪ್ಪಿಸುವಂತೆ ಬೆರ್ಸೂದ್‌ಸ್ಕಿ ಒಂದು ಯಂತ್ರವನ್ನು ರಚಿಸಿ, ಮೂರು ಕ್ರಾಂತಿಗಳ ತೊಟ್ಟಿಲಿನಿಂದ ಮಾನ್ಯ ತಾಂಗೆಲೀ ಮೇಸ್ತ್ರಿಗೆ ಎದುವಾರ್ದ್ ಮೇಸ್ತ್ರಿಯ ಕಾರ್ಮಿಕ ವಂದನೆಗಳು ಎಂಬ ಅರ್ಥದ ಉದ್ದವಾದ ಹೆಸರನ್ನು ಅದಕ್ಕೆ ಕೊಟ್ಟನು. ಸರ್ಕಾರದ ಭಾಷಣಗಳ ಒಣಮಾತನ್ನು ಅಣಕಿಸುವ ಹೆಸರಾದರೂ ಅದರೊಳಗಿನ ವಂದನೆಯು ನಿಜವಾದುದೇ. ತಾಂಗೆಲೀ ೧೯೯೧ರ ಆಗಸ್ಟಿನಲ್ಲಿ ತೀರಿಕೊಂಡನು.

ಅದೇ ವರ್ಷದ ಕೊನೆಗೆ ಸೋವಿಯತ್ ರಾಜ್ಯವೂ ಕೊನೆಗೊಂಡಿತು. ಲೆನಿನ್‌ಗ್ರಾಡಿಗೆ ಪೀಟರ್ಸ್‌ಬರ್ಗ್ ಎಂಬ ಹಳೆಯ ಹೆಸರು ಮರಳಿತು. ಅಪ್ಪಣೆಯ ಕಷ್ಟವು ತೀರಿತೆನ್ನುವಷ್ಟರಲ್ಲಿ ಅನ್ನದ ಕಷ್ಟವು ಬಂದಿತು. ೧೯೯೨ರಲ್ಲಿ ಬೆಲೆಗಳ ಮೇಲಿನ ಕಟ್ಟನ್ನು ತೆಗೆದುಹಾಕಿದ ಮೇಲೆ ಜನರ ಉಳಿತಾಯವೆಲ್ಲ ಕರಗಿಹೋಯಿತು. ಚಿಕ್ಕ ರಂಗಮಂದಿರಗಳನ್ನು ಕೇಳುವವರಿಲ್ಲವಾದರು. ಈ ಸಂಕಟದಲ್ಲಿ ಕೈಹಿಡಿದವನು ಟಿಮ್ ಸ್ಟೆಡ್. ಸ್ಕಾಟ್ಲೆಂಡಿನ ದಕ್ಷಿಣದ ಗಡಿಸೀಮೆಯ ಬ್ಲೇನ್ಸ್‌ಲಿ ಎಂಬ ಹಳ್ಳಿಯಲ್ಲಿದ್ದ ಈ ಮರದ ಶಿಲ್ಪಿಯು ಬೆರ್ಸೂದ್‌ಸ್ಕಿಯ ಕೆಲಸವನ್ನು ಮೆಚ್ಚಿ ಸ್ನೇಹಿತನಾದನು. ಮರವನ್ನು ಬಲ್ಲವನಿಗೆ ಮರವನ್ನು ಬಲ್ಲವನ ಭಾಷೆಯು ತಿಳಿಯಲು ದ್ವಿಭಾಷಿಯು ಬೇಕಾಗಲಿಲ್ಲ. ಗ್ಲಾಸ್ಗೋ ನಗರದ ಸಂಗ್ರಹಾಲಯಗಳ ಅಂದಿನ ನಿರ್ದೇಶಕನಾದ ಜೂಲಿಯನ್ ಸ್ಪಾಲ್ಡಿಂಗ್ ಕೆಲವು ಯಂತ್ರಗಳನ್ನು ನಗರಕ್ಕಾಗಿ ಕೊಂಡನು. ೧೯೯೩ರಲ್ಲಿ ಶರ್ಮಾಂಕಾ ತನ್ನ ಚಕ್ರಗಳನ್ನೂ ಬೊಂಬೆಗಳನ್ನೂ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಹೊರಟಿತು. ನವಿಲಿನ ಗಡಿಯಾರವು ಬಂದ ದಾರಿಯ ಎದುರು ದಿಕ್ಕಿನಲ್ಲಿ, ಈ ಸಲ ರಾಣಿಗಾಗಿಯಲ್ಲ, ಬದುಕಿಗಾಗಿ, ಯಂತ್ರಗಳು ಪ್ರಯಾಣಮಾಡಿದುವು. ೧೯೯೬ರಲ್ಲಿ ಗ್ಲಾಸ್ಗೋವಿನಲ್ಲಿ ಮಂದಿರದ ಬಾಗಿಲು ತೆರೆಯಿತು.

ಅದೇ ೧೯೯೬ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ರೈನ್ ನದಿಯ ದಡದ ಮೇಲೆ, ತಾಂಗೆಲೀಯ ಯಂತ್ರಗಳಿಗಾಗಿ ಒಂದು ಭವ್ಯವಾದ ಸಂಗ್ರಹಾಲಯವು ತೆರೆಯಿತು. ಔಷಧಿಯ ದೊಡ್ಡ ಕಂಪೆನಿಯೊಂದು ಅದಕ್ಕೆ ಆಶ್ರಯವಿತ್ತಿತು; ಮಾರಿಯೋ ಬೊಟ್ಟಾ ಎಂಬ ಪ್ರಖ್ಯಾತ ವಾಸ್ತುಶಿಲ್ಪಿಯು ಅದನ್ನು ರಚಿಸಿದನು. ಗುರುವಿಗೆ ಅರಮನೆ, ಶಿಷ್ಯನಿಗೆ ಪೇಟೆಯ ಕೋಣೆ. ಇದರಲ್ಲಿ ಅಸೂಯೆಗೆ ಕಾರಣವಿಲ್ಲ. ಯಂತ್ರಗಳಿಗೆ ಗ್ಲಾಸ್ಗೋವಿಗಿಂತ ಒಪ್ಪುವ ಊರು ದೊರೆಯುವುದು ಕಷ್ಟ. ಇಲ್ಲಿನ ವಿಶ್ವವಿದ್ಯಾನಿಲಯದ ಹಬೆಯಂತ್ರದ ಚಿಕ್ಕ ಮಾದರಿಯೊಂದು ನಿಂತುಹೋಗಿದ್ದಾಗ, ೧೭೬೩ರ ಸುಮಾರಿನಲ್ಲಿ ಅದನ್ನು ಸರಿಪಡಿಸಲು ಕುಳಿತ ಜೇಮ್ಸ್ ವಾಟ್ ೧೭೬೫ರಲ್ಲಿ ಕಂಡುಕೊಂಡ ಉಪಾಯದಿಂದಲೇ ಹಬೆಯ ಯುಗವು ನಿಜವಾಗಿ ಆರಂಭವಾಯಿತು. ಕ್ಲೈಡ್ ನದಿಯ ದಡದಲ್ಲಿ ಹಡಗುಗಳನ್ನು ಕಟ್ಟಿದ ಜನರ ಮಕ್ಕಳಿಗೂ ಮೊಮ್ಮಕ್ಕಳಿಗೂ, ಹಲ್ಲುಚಕ್ರದ ಸದ್ದು ಅಪರಿಚಿತವಾದುದಲ್ಲ.

ಸ್ಟೆಡ್ ಮತ್ತು ಬೆರ್ಸೂದ್‌ಸ್ಕಿ ಇವರ ಸ್ನೇಹದ ಫಲವನ್ನು ಎಡಿನ್‌ಬರೋ ನಗರದ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ನೋಡಬಹುದು. ೨೦೦೦ದ ಜನವರಿ ೧ರಂದು ಅಲ್ಲಿ ಒಂದು ಗಡಿಯಾರಗೋಪುರವು ಅನಾವರಣಗೊಂಡಿತು. ಗಾಜಿನ ಕೆಲಸವನ್ನು ಆನಿಕಾ ಸಾಂಡ್‌ಸ್ಟ್ರೋಮ್ ಎಂಬಾಕೆಯೂ, ಗಡಿಯಾರದ ಕೆಲಸವನ್ನು ಯೂರ್ಗೆನ್ ಟ್ಯೂಬೆಕೆ ಎಂಬವನೂ ಮಾಡಿದರು. ೧೦ ಮೀಟರಿಗೂ ಎತ್ತರವಾದ ಅದು ಮಧ್ಯಯುಗದ ದೇವಾಲಯದ ಆಕಾರದಲ್ಲಿದೆ. ತಳದಲ್ಲಿ ಕೋತಿಯೊಂದು ಚಕ್ರಗಳನ್ನು ತಿರುಗಿಸುತ್ತಿರುವುದು. ನಡುವೆ ಲೋಲಕವು ತೂಗುವುದು. ಮೇಲೆ ೧೨ ಮೂರ್ತಿಗಳು ಇಪ್ಪತ್ತನೆಯ ಶತಮಾನದ ಯುದ್ಧ, ಕ್ಷಾಮ, ಹಿಂಸೆಗಳ ದುಃಖವನ್ನು ಹೊತ್ತು ಸುತ್ತುವುವು. ಶಿಖರದಲ್ಲಿ ಮೃತನನ್ನು ಎತ್ತಿಕೊಂಡ ಸ್ತ್ರೀಯೊಬ್ಬಳು ನಿಂತಿರುವಳು. ಶತಮಾನವು ಮುಗಿದುದಕ್ಕೆ ಲೋಕವೆಲ್ಲ ಪಟಾಕಿಯನ್ನು ಹಾರಿಸುತ್ತಿದ್ದ ದಿನದಂದು, ಆ ಶತಮಾನದಲ್ಲಿ ಸತ್ತವರನ್ನು ನೆನೆದ ಗಡಿಯಾರವಿದು. ಅದೇ ವರ್ಷದ ಏಪ್ರಿಲಿನಲ್ಲಿ ಟಿಮ್ ಸ್ಟೆಡ್ ತೀರಿಕೊಂಡನು. ಅವನು ಜೋಡಿಸಿದ ಮರವು ಆ ಬಳಿಕವೂ ದಿನದಿನವೂ ಗಂಟೆಯನ್ನು ಬಾರಿಸುತ್ತ ಬಂದಿದೆ.

ಕಲ್ಲಿನ ಮೂರ್ತಿಯನ್ನು ಮಣ್ಣಿನಲ್ಲಿ ಹೂಳಿ ಸಾವಿರ ವರ್ಷಗಳ ಬಳಿಕ ತೆಗೆದರೂ ಅದು ಮೂರ್ತಿಯೇ. ಚಲಿಸುವ ಶಿಲ್ಪಕ್ಕೆ ಆ ಭಾಗ್ಯವಿಲ್ಲ. ಗಾಬೋವಿನ ಕಂಪಿಸುವ ಕಡ್ಡಿಯನ್ನು ಲಂಡನ್ನಿನ ಟೇಟ್ ಸಂಗ್ರಹಾಲಯವು ಇಟ್ಟುಕೊಂಡಿದೆಯಾದರೂ, ೧೯೮೫ರಲ್ಲಿ ಅದಕ್ಕೆ ಪ್ರತಿಕೃತಿಯೊಂದನ್ನು ಮಾಡಿಸಬೇಕಾಯಿತು. ಪಟ್ಟಿಯು ಸವೆಯುವುದು, ಅಚ್ಚು ತೇಯುವುದು, ಮೋಟಾರು ಸುಡುವುದು. ಒಂದು ವಾರ ಎಣ್ಣೆ ಬೀಳದಿದ್ದರೆ ಕೀಲು ಕಿರುಗುಟ್ಟುವುದು. ಒಂದು ವರ್ಷ ಯಾರೂ ಮುಟ್ಟದಿದ್ದರೆ ಶಿಲ್ಪವು ಮರಳಿ ಗುಜರಿಯಾಗುವುದು. ಆದುದರಿಂದ ಶರ್ಮಾಂಕಾದಂತಹ ಮಂದಿರವು ಸಂಗ್ರಹದಿಂದ ಉಳಿಯುವುದಿಲ್ಲ, ಶುಶ್ರೂಷೆಯಿಂದ ಉಳಿಯುವುದು. ತತ್ಯಾನಾಳ ಮಗನಾದ ಸೆರ್ಗೇಯ್ ಯಾಕೋವ್‌ಸ್ಕಿ ದೀಪ ಮತ್ತು ಧ್ವನಿಗಳ ಕೆಲಸವನ್ನು ವಹಿಸಿಕೊಂಡು ತಾಯಿಯ ಜೊತೆಗೆ ದುಡಿದನು. ಅರಸರ ನವಿಲಿಗೆ ಅರಮನೆಯ ಸೇವಕರಿದ್ದರು, ತಾಂಗೆಲೀಯ ಯಂತ್ರಗಳಿಗೆ ಕಂಪೆನಿಯ ಧನವಿದ್ದಿತು. ಇಲ್ಲಿ ಇದ್ದುದು ಒಂದು ಮನೆಯ ಕೆಲವು ಜೊತೆ ಕೈಗಳು.

ಬೊಂಬೆಯು ಹಿಡಿಯನ್ನು ತಿರುಗಿಸುವುದೋ, ಹಿಡಿಯು ಬೊಂಬೆಯನ್ನು ತಿರುಗಿಸುವುದೋ ಎಂಬ ಪ್ರಶ್ನೆಗೆ ಬೆರ್ಸೂದ್‌ಸ್ಕಿಯ ಗೋಪುರಗಳು ಕೊಡುವ ಉತ್ತರವು ಕಠಿನವಾದುದು. ಅಲ್ಲಿ ಎಲ್ಲರೂ ತಿರುಗಿಸಲ್ಪಡುವವರೇ. ಆದರೆ ಅವುಗಳನ್ನು ರಚಿಸಿದವನ ಜೀವನವು ಬೇರೊಂದು ಉತ್ತರವನ್ನು ಕೊಡುವುದು. ರಾಜ್ಯಯಂತ್ರದ ಅತ್ಯಂತ ಕೆಳಗಿನ ಕೀಲಾಗಿ, ಒಲೆಯ ಮುಂದೆ ಕುಳಿತಿದ್ದವನು, ಪಾಳಿಯು ಮುಗಿದ ಮೇಲೆ ತನ್ನ ೧೮ ಚದರ ಮೀಟರುಗಳಲ್ಲಿ ಬೇರೊಂದು ಯಂತ್ರಕ್ಕೆ ತಾನೇ ಹಿಡಿಯನ್ನು ಕೂಡಿಸಿದನು. ಆ ರಾಜ್ಯದ ಯಂತ್ರವು ೧೯೯೧ರಲ್ಲಿ ನಿಂತಿತು. ಟ್ರಾನ್‌ಗೇಟಿನ ಮಬ್ಬುಗತ್ತಲೆಯಲ್ಲಿ ಪ್ರದರ್ಶನವು ಮುಗಿದು, ಸಂಗೀತವು ನಿಂತು, ದೀಪಗಳು ಹೊತ್ತಿದಾಗ, ಪ್ರೇಕ್ಷಕರ ಮುಂದೆ ಪುನಃ ಹಳೆಯ ಸೈಕಲ್ಲಿನ ಚಕ್ರ ಮತ್ತು ಮರದ ಕೋತಿಗಳು ಮಾತ್ರ ಇರುವುವು. ಅವರು ಹೊರಗೆ ಹೋದ ಮೇಲೆ ಯಾರಾದರೊಬ್ಬರು ಎಣ್ಣೆಯ ಕುಡಿಕೆಯನ್ನು ಹಿಡಿದು ಆ ಚಕ್ರಗಳ ಬಳಿಗೆ ಹೋಗಬೇಕು. ಹಾಗೆ ಹೋಗುವವರು ಇರುವಷ್ಟು ಕಾಲ ಶರ್ಮಾಂಕಾ ನುಡಿಯುವುದು.